ವೈರಕ್ಕ ಅಳೆದ ಆಳ

ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ವೈರಕ್ಕ ಎಂದು. ದೋಣಿಗಳಿಗೆ ವೈರ್ ಎಳೆದು ಹೊಟ್ಟೆ ಹೊರೆಯುವ ಈ ಹೆಂಗಸಿಗೆ, ಕಟ್ಟಿದ ಹಗ್ಗ ಬಿಚ್ಚಿ ದೋಣಿ ಹೊರಟಿತೆಂದರೆ ಸಾಕು, ವಾಂತಿ. ಚಿಕ್ಕಂದಿನಲ್ಲಿ ಅಪ್ಪ ಮೂರು ಸಲ ಸಮುದ್ರಕ್ಕೆ ಕರೆದೊಯ್ದು, ಮೂರು ಸಲವೂ ಬಿಳುಚಿಕೊಂಡ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಕೊನೆಗೆ ದೋಣಿ ಅಣ್ಣನ ಪಾಲಿಗೆ ಹೋಯಿತು, ಕೆಟ್ಟ ರೇಡಿಯೋಗಳ ಮೇಜು ಇವಳ ಪಾಲಿಗೆ ಬಂತು. ಮೇಜೇನೋ ಕೈ ಹಿಡಿಯಿತು.

ಆದರೂ ಹದಿನೈದು ವರ್ಷ ದೊಡ್ಡ ದೋಣಿಯವರು ಯಾರೂ ಹತ್ತಿರ ಸೇರಿಸಲಿಲ್ಲ. "ನೀರಿಗಿಳಿಯೋಕೆ ಆಗದೋಳು ದೋಣಿಗೆ ಏನು ವೈರ್ ಹಾಕ್ತಾಳೆ?" ಎಂದು ಹಿರಿಯ ಚಾಲಕ ಗಡ್ಡಪ್ಪ ಎಲ್ಲರೆದುರು ನಕ್ಕಿದ್ದ. ಅಣ್ಣನೂ ಹೊರಗಿನವರನ್ನೇ ಕರೆಸುತ್ತಿದ್ದ. ಈ ಸಲ ಅತ್ತಿಗೆ ಪಟ್ಟು ಹಿಡಿದಳು: "ಮನೇಲೇ ಮೆಕ್ಯಾನಿಕ್ ಇರೋವಾಗ ಇನ್ನೊಬ್ಬರ ಬಾಗಿಲು ಯಾಕೆ ಕಾಯ್ತೀರಿ?"

ದೋಣಿಯ ತಳದಿಂದ ಆಳ ಅಳೆಯುವ ಎಕೋ ಸೌಂಡರ್ ಅಪ್ಪನ ಕಾಲದ್ದು. ಅದಿನ್ನೂ ಗಟ್ಟಿಯಾಗಿತ್ತು, ಆದರೆ ಅಣ್ಣ ತಂದ ಹೊಸ ಪರದೆಗೆ ಅದರ ಭಾಷೆ ಬಾರದು. ನಡುವೆ ದುಭಾಷಿಯಂತೆ ಕೂರಬೇಕಾದದ್ದು ಅಂಗೈಯಗಲದ ಕನ್ವರ್ಟರ್ ಪೆಟ್ಟಿಗೆ. ಬೆಳಗ್ಗೆಯಿಂದ ವೈರಕ್ಕ ಚಾಲಕನ ಕೋಣೆಯ ಹಲಗೆಯಡಿ ಅಂಗಾತ ಮಲಗಿ, ಹಳೆಯ ಎರಡು ತೆಳು ತಂತಿಗಳನ್ನು ಪೆಟ್ಟಿಗೆಗೆ ಬಿಗಿದು, ಪೆಟ್ಟಿಗೆಯನ್ನು ಹೊಸ ದಪ್ಪ ಕೇಬಲಿಗೆ ಸೇರಿಸಿದಳು. ಹಸಿರು ದೀಪ ಮಿಣುಕಿತು. ಆಳವನ್ನು ಎಲ್ಲಿಂದ ತೋರಿಸಬೇಕು ಎಂದು ಹೊಸ ಪರದೆ ಕೇಳಿದಾಗ, ಎಲ್ಲ ಸಣ್ಣ ದೋಣಿಗಳಿಗೆ ಮಾಡುವಂತೆ, ನೀರಿನ ಮೇಲ್ಮಟ್ಟದಿಂದ ಎಂದು ಒತ್ತಿದಳು. ಸೀಸದ ಗುಂಡಿನ ಹಗ್ಗ ಇಳಿಬಿಟ್ಟು ನೋಡಿದರೆ ಹಗ್ಗವೂ ನಾಲ್ಕೂಕಾಲು ಮೀಟರ್, ಪರದೆಯೂ ನಾಲ್ಕೂಕಾಲು. ಪಕ್ಕದಲ್ಲಿ ಇನ್ನೂ ಉರಿಯುತ್ತಿದ್ದ ಹಳೆಯ ಪರದೆ ಮಾತ್ರ ಎರಡೂವರೆ ಅನ್ನುತ್ತಿತ್ತು.

"ಮುದುಕನಿಗೆ ಅರಳುಮರಳು," ಎಂದ ಅಣ್ಣ. ಇಬ್ಬರೂ ನಕ್ಕರು. ಅದನ್ನು ಕಳಚಿ ಅವಳು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಅಣ್ಣ ನಾಲ್ವರು ಆಳುಗಳ ಜೊತೆ ಹೊರಟ. ಬೇರೆ ಮೆಕ್ಯಾನಿಕ್ ಆಗಿದ್ದರೆ ಮೊದಲ ಓಟಕ್ಕೆ ಜೊತೆಗೆ ಹೋಗುತ್ತಿದ್ದ. ಇವಳು ದಡದಲ್ಲೇ ನಿಂತು ಕೈ ಬೀಸಿ ಅಂಗಡಿಗೆ ಬಂದಳು.

ಮುದುಕನ ಕಾಯಿಲೆ ಏನೆಂದು ನೋಡೋಣ ಎಂದು ಹಳೆಯ ಪರದೆಗೆ ಮೇಜಿನ ಮೇಲೆ ಕರೆಂಟ್ ಕೊಟ್ಟು ಒಳಗಿನ ಸೆಟ್ಟಿಂಗ್ ತೆರೆದಳು. ಕಾಯಿಲೆ ಇರಲಿಲ್ಲ. ಅಪ್ಪ ಅದನ್ನು ತಳದಿಂದಲೇ ಅಳೆಯುವಂತೆ ಇಟ್ಟಿದ್ದ; ಎರಡು ಪರದೆಗಳ ನಡುವಿನ ಅಂತರ ಒಂದೂಮುಕ್ಕಾಲು ಮೀಟರ್. ನೀರೊಳಗೆ ಮುಳುಗಿರುವ ದೋಣಿಯ ಎತ್ತರ ಸರಿಯಾಗಿ ಅಷ್ಟೇ.

ಹಳೆಯ ಅಂಕಿ ಹೇಳುತ್ತಿದ್ದದ್ದು ದೋಣಿಯ ತಳದ ಕೆಳಗೆ ಎಷ್ಟು ನೀರು ಉಳಿದಿದೆ ಎಂದು. "ಒಂದು ಬಂದ್ರೆ ಎಂಜಿನ್ ನಿಲ್ಸು" ಎಂದಷ್ಟೇ ಅಪ್ಪ ಮಗನಿಗೆ ಕಲಿಸಿದ್ದ. ಹೊಸ ಪರದೆಯಲ್ಲಿ ಒಂದು ಬರುವುದೇ ಇಲ್ಲ, ಅದಕ್ಕೂ ಮುಂಚೆ ದೋಣಿ ನೆಲಕ್ಕೆ ಬಡಿದಿರುತ್ತದೆ. ಈಗ ಸಮುದ್ರದ ಇಳಿತ ಬೇರೆ. ದಾರಿಯಲ್ಲಿ, ನದಿ ಕಡಲು ಸೇರುವ ಅಳಿವೆ ಬಾಯಿಯ ಮರಳ ದಿಣ್ಣೆ, ಅದರ ಮೇಲೆ ಮುರಿಯುವ ಅಲೆಗಳು. ಅಲ್ಲಿ ನೆಲಕ್ಕೆ ಕೂತ ದೋಣಿಯನ್ನು ಅಲೆ ಮಗುಚದೆ ಬಿಡುವುದಿಲ್ಲ.

ಫೋನ್ ಮಾಡಿದಳು. ಎಂಜಿನ್ ಸದ್ದಿನಲ್ಲಿ ಅಣ್ಣನಿಗೆ ಎಲ್ಲಿ ಕೇಳಬೇಕು! ಎರಡನೇ ಸಲವೂ ಬರೀ ರಿಂಗ್. ಉಳಿದದ್ದು ಅಂಗಡಿಯಲ್ಲಿದ್ದ ವೈರ್‌ಲೆಸ್. ಆಡಿದ್ದು ನಲವತ್ತು ದೋಣಿಗಳಿಗೂ ಕೇಳುತ್ತದೆ, ಗಡ್ಡಪ್ಪನಿಗೂ. ಹದಿನೈದು ವರ್ಷ ಕಾದು ಸಿಕ್ಕ ಮೊದಲ ದೊಡ್ಡ ದೋಣಿ. ಗುಂಡಿಯ ಮೇಲೆ ಬೆರಳು ಒಂದು ಗಳಿಗೆ ತಡೆಯಿತು. ಆ ಒಂದು ಗಳಿಗೆಗಾಗಿ ಅವಳು ಇವತ್ತಿಗೂ ತನ್ನನ್ನು ತಾನು ಕ್ಷಮಿಸಿಲ್ಲ.

"ಅಣ್ಣಾ, ಎಂಜಿನ್ ನಿಲ್ಸು! ದಿಣ್ಣೆ ಹತ್ರ ಹೋಗ್ಬೇಡ!"

"ಯಾಕೆ? ಎರಡು ತೋರಿಸ್ತಿದೆ. ಬೇಕಾದಷ್ಟಿದೆ."

"ಇಲ್ಲ! ಅದು ನೀರಿನ ಮೇಲಿಂದ. ನಿನ್ನ ತಳದ ಕೆಳಗೆ ಬರೀ ಕಾಲು ಮೀಟರ್ ಇದೆ. ತಪ್ಪು ನಂದು, ನಾನೇ ತಪ್ಪು ಒತ್ತಿದ್ದು. ಹಿಂದೆ ತಗೋ ಅಣ್ಣಾ!"

ವೈರ್‌ಲೆಸ್ ಗೊರಗುಟ್ಟಿತು, ಮತ್ತೆ ಸುಮ್ಮನಾಯಿತು. ಅವಳು ಗೋಡೆಯ ಗಡಿಯಾರ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ.

"ಹಿಂದೆ ಬಂದೆ," ಎಂದಿತು ಅಣ್ಣನ ದನಿ ಕೊನೆಗೂ. "ಕೆಸರು ಕದಡಿ ಮೇಲೆ ಬರ್ತಿತ್ತು ಕಣೆ. ಎಲ್ಲರೂ ಸರಿಯಾಗಿದೀವಿ."

ಅವಳು ಕುರ್ಚಿಯಲ್ಲಿ ಕುಸಿದಳು. ಇನ್ನು ಗಡ್ಡಪ್ಪನ ನಗು ಬರುತ್ತದೆ ಎಂದು ಕಾದಳು. ಬಂದದ್ದು ಅವನ ಕೆಮ್ಮು.

"ವೈರಕ್ಕಾ, ನನ್ನ ಪರದೆ ಎಲ್ಲಿಂದ ಅಳೆಯುತ್ತೆ?"

"ನಂಗೆ ಹೇಗೆ ಗೊತ್ತು? ನಿಮಗೆ ಗೊತ್ತಿಲ್ವಾ?"

"ಇಲ್ಲ. ಇಪ್ಪತ್ತೆರಡು ವರ್ಷ ಆಯ್ತು. ಯಾರನ್ನೂ ಕೇಳೋಕೆ ನಾಚಿಕೆ."

"ನಂದೂ ನೋಡ್ಬೇಕಿತ್ತು," ಎಂದಿತು ಇನ್ನೊಂದು ದನಿ. ಆಮೇಲೆ ಮತ್ತೊಂದು. ಒಂದಾದ ಮೇಲೊಂದು ದೋಣಿಯಿಂದ ದನಿ ಬರುತ್ತಲೇ ಹೋಯಿತು.