ಎಸಿ ಬೋಗಿಯಲ್ಲಿ ಒಂದು ಲೋಟ ನೀರು

ಗುಂಡ್ಲುಪೇಟೆಯಲ್ಲಿ ರೈಲಿಲ್ಲ. ನಾನು ಪಾಠ ಹೇಳುವ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಜನ ರೈಲನ್ನು ಮೊಬೈಲಿನಲ್ಲಿ ನೋಡಿದವರು. ನಾನಾದರೋ ಚಾಮರಾಜನಗರದಲ್ಲಿ, ಹಳಿ ಮುಗಿಯುವ ಕಡೆ ಹುಟ್ಟಿ ಬೆಳೆದವಳು. ನಮ್ಮಪ್ಪ ಗ್ಯಾಂಗ್‌ಮನ್, ಬದನಗುಪ್ಪೆ ಕಡೆಯ ಒಂದಷ್ಟು ದೂರದ ಹಳಿಯನ್ನು ನೋಡಿಕೊಳ್ಳುವುದು ಅವರ ಗ್ಯಾಂಗಿನ ಪಾಲಿಗೆ. ಆ ಜಂಬ ನನಗೆ ಇವತ್ತಿಗೂ ಇದೆ, ಇರಲಿ ಬಿಡಿ.

ಆಗಿನ್ನೂ ಕಿರಿದಾದ ಮೀಟರ್ ಗೇಜು ಹಳಿ. ಫಸ್ಟ್ ಕ್ಲಾಸ್ ಎಂದರೆ ರೆಕ್ಸಿನ್ ಮೆತ್ತೆ, ಒಳಗಿಂದ ಚಿಲಕ ಹಾಕಿಕೊಳ್ಳುವ ಬಾಗಿಲು. ಅದನ್ನೂ ಮೀರಿಸಿದ್ದು ಸಾಹೇಬರ ಬೋಗಿ. ಹಳಿಯ ತಪಾಸಣೆಗೆ ಬರುವ ದೊಡ್ಡ ಅಧಿಕಾರಿಗಳದು, ರೈಲಿನ ಬಾಲಕ್ಕೆ ಸಿಕ್ಕಿಸಿಕೊಂಡು ಬರುತ್ತಿತ್ತು. ಒಮ್ಮೆ ಅದು ಪಕ್ಕದ ಹಳಿಯಲ್ಲಿ ನಿಂತಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿ ತೋರಿಸಿದ್ದರು. "ಮುಟ್ಬ್ಯಾಡ ಕಣವ್ವ, ಬರೀ ನೋಡು" ಎಂದರು. ತೇಗದ ಗೋಡೆ, ಹಿತ್ತಾಳೆ ಹಿಡಿ, ಆಳೆತ್ತರದ ಕನ್ನಡಿ, ಮಂಚ. ಒಂದು ಮೂಲೆಯಲ್ಲಿ ಅಡುಗೆಮನೆ. ಈರುಳ್ಳಿ ಹುರಿಯುವ ವಾಸನೆ! ಹಿಂಬದಿಯ ಗೋಡೆಯ ತುಂಬ ಗಾಜು, ಅದರ ಮುಂದೆ ಕುರ್ಚಿ, ಮೇಜು, ಮೇಜಿನ ಮೇಲೊಂದು ಗಾಜಿನ ಲೋಟ. ಮನೆಗೆ ಗಾಲಿ ಕಟ್ಟಿಬಿಟ್ಟಿದ್ದಾರೆ ಎಂದು ಅಮ್ಮನ ಹತ್ತಿರ ಮೂರು ದಿನ ಹೇಳಿದೆ. ನಾಲ್ಕನೇ ದಿನ ಬೈಸಿಕೊಂಡೆ.

ಆ ಲೋಟಕ್ಕೊಂದು ಕೆಲಸವಿತ್ತು. ಹಳಿ ಸಮವಾಗಿದೆಯೋ ಇಲ್ಲವೋ ನೋಡಲು ಸಾಹೇಬರು ಅದಕ್ಕೆ ಕಂಠದವರೆಗೆ ನೀರು ತುಂಬಿ ಮೇಜಿನ ಮೇಲಿಟ್ಟುಕೊಳ್ಳುತ್ತಿದ್ದರಂತೆ. ಯಾರ ಪಾಲಿನ ಹಳಿಯ ಮೇಲೆ ನೀರು ಚೆಲ್ಲಿತೋ ಆ ಗ್ಯಾಂಗಿಗೆ ಗ್ರಹಚಾರ. ಬದನಗುಪ್ಪೆಯ ಹತ್ತಿರದ್ದು ಎರೆನೆಲ. ಮಳೆ ಬಂದರೆ ಉಬ್ಬಿ, ಬಿಸಿಲಿಗೆ ಬಿರಿದು, ಎಷ್ಟು ಜಲ್ಲಿ ಸುರಿದರೂ ನುಂಗುತ್ತದೆ. ಒಂದು ವರ್ಷ ಅಲ್ಲಿ ನೀರು ಚೆಲ್ಲಿತು. ಸಾಹೇಬರು ಜೊತೆಗಾರರೆಲ್ಲರ ಎದುರಿಗೇ ಅಪ್ಪನಿಗೆ ಬೈದರು. ಅಪ್ಪ ಆ ದಿನ ಊಟ ಮಾಡಲಿಲ್ಲ. ಮುಂದೆ ಅಗಲದ ಬ್ರಾಡ್ ಗೇಜು ಹಳಿ ಬಂತು, ನಿವೃತ್ತಿಯೂ ಆಯಿತು. ಆ ನೀರು ಮಾತ್ರ ಅವರ ಮನಸ್ಸಿನಲ್ಲಿ ಒಣಗಲಿಲ್ಲ. "ಒಂದ್ಸಲ ಅಂತಾ ಬೋಗೀಲಿ ಕೂತು ಲೋಟ ಇಟ್ಟು ನೋಡ್ಬೇಕು ಕಣವ್ವ" ಎನ್ನುತ್ತಿದ್ದರು. "ಹಳಿ ಎಲ್ಲಾ ಬದಲಾಗಿದೆಯಲ್ಲಪ್ಪ" ಎಂದರೆ, "ನೆಲ ಅದೇ ಅಲ್ವಾ" ಎಂಬ ಉತ್ತರ.

ಸಾಹೇಬರ ಬೋಗಿಯನ್ನು ನಾನೆಲ್ಲಿಂದ ತರಲಿ? ಹೋದ ವರ್ಷ ತಿರುಪತಿ ರೈಲಿನ ಎಸಿ ಬೋಗಿಯಲ್ಲಿ ಎರಡು ಸೀಟು ಮಾಡಿಸಿದೆ. ಮಾದಪ್ಪನ ಒಕ್ಕಲಾದ ನಮಗೆ ತಿರುಪತಿ ಬರೀ ನೆಪ.

ಹಗಲು ಹೊತ್ತಿನಲ್ಲೇ ಚಾಮರಾಜನಗರದಿಂದ ರೈಲು ಹೊರಟಿತು. ಅಪ್ಪ ಸೀಟಿನ ತುದಿಯಲ್ಲಿ ಕೂತು ಬಿಳಿ ದುಪ್ಪಟಿಯನ್ನು ಬೆರಳಲ್ಲಿ ಮುಟ್ಟಿದರು, ಪರದೆ ಎಳೆದು ನೋಡಿದರು, ತಣ್ಣನೆ ಗಾಳಿಗೆ ಮುಖ ಕೊಟ್ಟರು. ಅವರನ್ನು ದಂಗುಬಡಿಸಿದ್ದು ಇದ್ಯಾವುದೂ ಅಲ್ಲ. "ಸದ್ದೇ ಇಲ್ವಲ್ಲವ್ವ! ಕೆಳಗೆ ಹಳಿ ಅದೋ ಇಲ್ವೋ?" ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ ಹಳಿಯ ಆರೋಗ್ಯ ಹೇಳುತ್ತಿದ್ದ ಮನುಷ್ಯ ಅವರು. ನನಗೂ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಕಬ್ಬಿಣದ ಮನೆ ಗಾಳಿಯ ಮೇಲೆ ಹೋಗುತ್ತಿರುವಂತಿತ್ತು.

ಮರಿಯಾಲ ಸ್ಟೇಷನ್ ದಾಟಿದ್ದೇ ಚೀಲದಿಂದ ಟವೆಲು ಸುತ್ತಿದ ಲೋಟ ಹೊರಬಂತು. ಗಾಜಿನದೇ. "ಬಾಯ್ಮಟ ಉಯ್ಯವ್ವ" ಎಂದರು. ಉಯ್ದು ಕಿಟಕಿ ಪಕ್ಕದ ಪುಟ್ಟ ಮೇಜಿನ ಮೇಲಿಟ್ಟೆ. ಎದುರು ಸೀಟಿನ ಹೆಂಗಸು ಮೊದಲು ನಕ್ಕಳು. ವಿಷಯ ಹೇಳಿದ ಮೇಲೆ ಮೊಬೈಲು ಕೆಳಗಿಟ್ಟು ತಾನೂ ಬಗ್ಗಿ ಕೂತಳು. ಬದನಗುಪ್ಪೆ ಬಂತು. ಅಪ್ಪನ ಎರಡೂ ಕೈ ಮೇಜನ್ನು ಹಿಡಿಯಲಿಲ್ಲ. ಹಿಡಿದರೆ ಮೋಸವಾಗುತ್ತದೆಂದು ತೊಡೆಯ ಮೇಲೆ ಮುಷ್ಟಿ ಕಟ್ಟಿದ್ದವು. ನೀರಿನ ಅಂಚು ಸಣ್ಣಗೆ ನಡುಗಿತು. ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

ಹೊರಗೆ, ಜಲ್ಲಿಯಾಚೆ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಐದಾರು ಜನ ಹಾರೆಗಳನ್ನು ನೆಲಕ್ಕೂರಿ ನಿಂತು ನಮ್ಮ ಬೋಗಿಯತ್ತಲೇ ನೋಡುತ್ತಿದ್ದರು. ಒಬ್ಬ ಕೈ ಎತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋದರು.

"ಚೆಲ್ಲಲಿಲ್ಲ ಕಣವ್ವ! ಒಂದು ತೊಟ್ಟೂ ಚೆಲ್ಲಲಿಲ್ಲ!" ಅಪ್ಪ ಮಗುವಿನಂತೆ ಕೂಗಿಬಿಟ್ಟರು. ಕಣ್ಣಲ್ಲಿ ನೀರು. ಎದುರಿನ ಹೆಂಗಸು ಚಪ್ಪಾಳೆ ತಟ್ಟಿದಳು. ನನಗಾದ ಸಂತೋಷ ಇಷ್ಟೆಂದು ಹೇಳಲಾರೆ. "ಆ ಎರೆನೆಲದ ಮ್ಯಾಲೆ ಇಂಗೆ ಹಳಿ ಕೂರ್ಸವ್ರಲ್ಲ, ಯಾರ್ ಪುಣ್ಯಾತ್ಮರೋ, ಕೈ ಮುಗೀಬೇಕು ಅವ್ರಿಗೆ" ಎಂದರು.

"ಅವರೇ ಕಣಪ್ಪ, ಈಗ ಇಲ್ಲೇ ನಿಂತಿದ್ದರು. ಗ್ಯಾಂಗಿನವರು. ಒಬ್ಬ ಕೈ ಕೂಡ ಎತ್ತಿದ."

"ಎಲ್ಲಿ?" ಅಪ್ಪ ದಡಕ್ಕನೆ ಎದ್ದು ಗಾಜಿಗೆ ಮುಖ ಒತ್ತಿದರು. ಹೊರಗೆ ಯಾರದೋ ಅರಿಸಿನದ ಹೊಲ ಹಿಂದಕ್ಕೆ ಓಡುತ್ತಿತ್ತು. ಬಹಳ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಕೂತರು.

"ನಾನೂ ಅಲ್ಲೇ ನಿಂತು ವರ್ಸಾನುಗಟ್ಲೆ ಕೈ ಎತ್ತಿವ್ನಿ. ಒಳಗಿರೋರ್ಗೆ ಕಣ್ಣಿಲ್ವಾ, ತಿರುಗೂ ನೋಡಲ್ವಲ್ಲ ಅಂತ ಬೈದಿವ್ನಿ" ಎಂದರು. "ಇವತ್ತು ಒಳಗೆ ಕೂತಿದ್ದೋನು ನಾನೇ ಅಲ್ವೇನವ್ವ."