ಬಾವಿ ಹತ್ತಿರ ಕುಡಿ

ನನಗೆ ಪ್ರಯಾಣಕ್ಕಿಂತ ಪ್ರಯಾಣದ ಸಿದ್ಧತೆಯೇ ಹೆಚ್ಚು ಇಷ್ಟ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಪ್ರಯಾಣದಲ್ಲಿ ಧೂಳಿದೆ, ಬಿಸಿಲಿದೆ, ಪಕ್ಕದಲ್ಲಿ ಕೂತವರ ಮೊಣಕೈ ಇದೆ. ಸಿದ್ಧತೆಯಲ್ಲಿ ಇವು ಯಾವುವೂ ಇಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, 'ಎಂಟು ಗಂಟೆಗೆ ಮಧುಗಿರಿ' ಎಂದು ಬರೆದರೆ ಎಂಟು ಗಂಟೆಗೆ ಮಧುಗಿರಿ ಬಂದೇ ತೀರುತ್ತದೆ. ಕಾಗದದ ಮೇಲೆ ಟೈರು ಪಂಕ್ಚರ್ ಆದದ್ದನ್ನು ನಾನಂತೂ ಕಂಡಿಲ್ಲ.

ಅದು ಐವತ್ತರ ದಶಕದ ಕೊನೆ. ನಾನು ಕೊರಟಗೆರೆಯ ಮಾಧ್ಯಮಿಕ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಜಗತ್ತಿನ ನದಿಗಳೆಲ್ಲ ನನ್ನ ಬೆರಳ ತುದಿಯಲ್ಲಿದ್ದವು. ಕಣ್ಣಾರೆ ಕಂಡದ್ದು ಮಾತ್ರ ಜಯಮಂಗಲಿ, ಅದೂ ನೀರಿಲ್ಲದಾಗ. ಅಮೆರಿಕದ ಪಾಠ ಬಂದಾಗ ಟೆಕ್ಸಾಸ್ ಎಂಬ ಸೀಮೆಯನ್ನು ಕೋಲಿನಿಂದ ತೋರಿಸಿ, "ಈ ತುದಿಯಿಂದ ಆ ತುದಿಗೆ ಮೋಟಾರಿನಲ್ಲಿ ಹೋದರೆ ಎರಡು ದಿನ ಹಿಡಿಯುತ್ತದೆ" ಎಂದು, ನಾನೇ ಓಡಿಸಿ ಬಂದವನ ಹಾಗೆ ಹೇಳುತ್ತಿದ್ದೆ. ಅಂಥ ನನ್ನ ಪಾಲಿಗೆ ಎರಡು ದಿನದ ಒಂದು ಮೋಟಾರು ಪ್ರಯಾಣ ನಿಜವಾಗಿಯೂ ಒದಗಿ ಬಂತು. ಕೊರಟಗೆರೆಯಿಂದ ಮಧುಗಿರಿ, ಅಲ್ಲಿಂದ ಶಿರಾ, ಶಿರಾದಿಂದ ಪಾವಗಡ, ಪಾವಗಡದಿಂದಲೂ ಮುಂದೆ. ಟೆಕ್ಸಾಸಿನಲ್ಲಿ ಎರಡು ದಿನ ಹಿಡಿಯುವುದು ಸೀಮೆ ದೊಡ್ಡದಾದ್ದರಿಂದ. ನಮಗೆ ಹಿಡಿಯುತ್ತಿದ್ದದ್ದು ಗಾಡಿ ಹಳೆಯದಾದ್ದರಿಂದ. ಆದರೂ ಎರಡು ದಿನ ಅಂದರೆ ಎರಡು ದಿನ.

ಹೋಗಬೇಕಾಗಿದ್ದದ್ದು ನನ್ನ ಹೆಂಡತಿ ನಾಗರತ್ನ. ಅವಳ ಒಬ್ಬನೇ ತಮ್ಮ ಆದಿನಾರಾಯಣ, ಅವನೂ ಮೇಷ್ಟ್ರೇ. ಪಾವಗಡದ ಆಚೆ ಒಂದು ಹಳ್ಳಿಗೆ ಅವನಿಗೆ ಹೊಸದಾಗಿ ವರ್ಗವಾಗಿತ್ತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವನಿಗೊಂದು ಹೆಣ್ಣು ಮಗು ಹುಟ್ಟಿತ್ತು. ಬುಧವಾರ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮಗುವಿನ ಕಿವಿಯಲ್ಲಿ ಮೊಟ್ಟಮೊದಲು ಹೆಸರು ಉಸುರಬೇಕಾದವಳು ಸೋದರತ್ತೆ, ಅಂದರೆ ನನ್ನ ಹೆಂಡತಿ. ಹನ್ನೆರಡಕ್ಕೆ ರಾಹುಕಾಲ ಶುರು, ಅದಕ್ಕೆ ಮುಂಚೆ ಆಗಿಬಿಡಬೇಕು. ಅಕ್ಕ ಬರುವುದು ತಡವಾದರೆ ಊರಲ್ಲೇ ಇರುವ ದೊಡ್ಡಪ್ಪನ ಮಗಳು ಸುಬ್ಬಕ್ಕನ ಕೈಲಿ ಮಾಡಿಸುವುದು ಎಂದು ಹಿರಿಯರು ತೀರ್ಮಾನಿಸಿದ್ದರಂತೆ. ಸುಬ್ಬಕ್ಕನೂ ತನ್ನದೊಂದು ಹೆಸರು ಹಿಡಿದುಕೊಂಡು ತುದಿಗಾಲಲ್ಲಿ ನಿಂತಿದ್ದಳಂತೆ.

ನಮಗೆ ಮಕ್ಕಳಿರಲಿಲ್ಲ. ಇದನ್ನು ಇಲ್ಲಿ ಹೇಳದೆ ಹೋದರೆ ಮುಂದಿನ ಕಥೆ ಬರೀ ತಮಾಷೆಯಾಗಿ ಉಳಿದುಬಿಡುತ್ತದೆ. ನಾಗರತ್ನ ತನ್ನ ಆಯುಸ್ಸಿನಲ್ಲಿ ಒಂದು ಮಗುವಿಗೆ ಹೆಸರಿಡುವುದಾದರೆ ಇದೊಂದಕ್ಕೇ. ಏನು ಹೆಸರು ಎಂದು ಕೇಳಿದರೆ ನನಗೂ ಹೇಳಲಿಲ್ಲ. "ಮೊದ್ಲು ಮಗೀನ ಕಿವಿಗೆ, ಆಮೇಲೆ ನಿಮ್ಮ ಕಿವಿಗೆ" ಅಂದಳು.

ಬಸ್ಸಿನಲ್ಲಿ ಹೋಗೋಣವೆಂದರೆ ತೊಟ್ಟಿಲಿತ್ತು. ಮಗುವಿಗೆ ಶಿರಾದ ಕೆತ್ತನೆ ತೊಟ್ಟಿಲೇ ಆಗಬೇಕೆಂದು ಅವಳು ಹಟ ಹಿಡಿದಿದ್ದಳು. ಅದನ್ನು ಮಾಡುತ್ತಿದ್ದವರು ಕೊರಟಗೆರೆಯಲ್ಲಿ ಬಾಡಿಗೆ ಮೋಟಾರು ಓಡಿಸುತ್ತಿದ್ದ ದಸ್ತಗೀರ್ ಸಾಬರ ಅಣ್ಣ. ಹಾಗಾಗಿ ಮೋಟಾರು ದಸ್ತಗೀರ್ ಸಾಬರದು, ತೊಟ್ಟಿಲು ಅವರ ಅಣ್ಣನದು, ಮಂಗಳವಾರದ ವಸತಿ ಶಿರಾದ ಅವರ ಮನೆಯಲ್ಲಿ ಎಂದು ಎಲ್ಲವೂ ತಾನಾಗಿ ಕೂಡಿಬಂತು. ಉಳಿದದ್ದು ಸಿದ್ಧತೆ, ಅದು ನನ್ನದು.

ಒಂದು ನೋಟುಪುಸ್ತಕಕ್ಕೆ ಹೊಸ ರಟ್ಟು ಹಾಕಿದೆ. ಎಡಗಡೆಯ ಪುಟದಲ್ಲಿ ಊರು, ಬಲಗಡೆಯಲ್ಲಿ ಹೊತ್ತು. ಎಲ್ಲಿ ಗಾಡಿಗೆ ನೀರು ಹಾಕುವುದು, ಎಲ್ಲಿ ಹುಳಿಯನ್ನದ ಬುತ್ತಿ ಬಿಚ್ಚುವುದು, ಎಲ್ಲಿ ಯಾವ ಮರದ ನೆರಳು ಎಂದೆಲ್ಲ ಬರೆದೆ. ದಾರಿಯ ದೂರ ವಿಚಾರಿಸುವುದೊಂದು ಪ್ರತ್ಯೇಕ ವಿದ್ಯೆ. ನಮ್ಮ ಕಡೆಯವನನ್ನು ಕೇಳಿದರೆ "ಇಲ್ಲೇ, ಕೂಗಳತೆ" ಅನ್ನುತ್ತಾನೆ. ಯಾರ ಕೂಗು ಎಂದು ಹೇಳುವುದಿಲ್ಲ. ಹಳಬರನ್ನು ಕೇಳಿದರೆ ಹರದಾರಿಯಲ್ಲಿ ಹೇಳುತ್ತಾರೆ. ಪಾವಗಡದ ಕಡೆಯವರು ಆಮಡ ಅನ್ನುತ್ತಾರೆ. ಇವೆರಡನ್ನೂ ಮೈಲಿಗೆ ಇಳಿಸುವಷ್ಟರಲ್ಲಿ ನನ್ನ ಎರಡು ಸಂಜೆ ಕಳೆದವು. ಶಿರಾಕ್ಕೆ ಒಂದು ಕಾಲದಲ್ಲಿ ದೊಡ್ಡ ದೊಡ್ಡ ಸುಬೇದಾರರು ಆನೆ ಕುದುರೆ ದಂಡು ಸಮೇತ ಬಂದು ಹೋಗುತ್ತಿದ್ದರೆಂದು ಚರಿತ್ರೆ ಹೇಳುತ್ತದೆ. ಅವರು ಕೂಡ ನನ್ನಷ್ಟು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡು ಹೊರಟಿರಲಾರರು ಎಂಬ ಹೆಮ್ಮೆ ನನಗಿತ್ತು.

ಪಾವಗಡದಿಂದ ಆಚೆಯ ದಾರಿ ನಾಗರತ್ನನಿಗೂ ಗೊತ್ತಿರಲಿಲ್ಲ. ಅವಳು ಪಾವಗಡದಲ್ಲೇ ಹುಟ್ಟಿ ಬೆಳೆದವಳಾದರೂ ಆ ಹಳ್ಳಿಯನ್ನು ಕಂಡವಳಲ್ಲ. ಆದಿನಾರಾಯಣನಿಗೆ ಬರೆದು ಕೇಳಿದೆ. ಅವನದೊಂದು ಕಾರ್ಡು ಬಂತು. ಕ್ಷೇಮ ಸಮಾಚಾರಕ್ಕೇ ಮುಕ್ಕಾಲು ಕಾರ್ಡು ಹೋಗಿ, ಅಂಚಿನಲ್ಲಿ ಇರುವೆಯಂಥ ಅಕ್ಷರದಲ್ಲಿ ದಾರಿ ಇತ್ತು: "ಪಾವಗಡ ದಾಟಿ ಆರು ಮೈಲಿ. ದೊಡ್ಡ ಆಲದ ಮರ. ಬಾವಿ ಹತ್ತಿರ ಕುಡಿ. ಆಮೇಲೆ ನೆಟ್ಟಗೆ ಬನ್ನಿ."

ಓದಿ ಸಂತೋಷವಾಯಿತು. ಬಿಸಿಲಿನಲ್ಲಿ ಬರುವ ಭಾವನಿಗೆ ಎಲ್ಲಿ ನೀರು ಕುಡಿಯಬೇಕೆಂಬುದನ್ನೂ ಯೋಚಿಸಿ ಬರೆದಿದ್ದಾನಲ್ಲ! ಒಂದೇ ಒಂದು ಸಣ್ಣ ಮುಳ್ಳು ಚುಚ್ಚಿತು. 'ಬನ್ನಿ' ಎಂದು ಮರ್ಯಾದೆಯಾಗಿ ಕರೆದವನು 'ಕುಡಿಯಿರಿ' ಎಂದು ಬರೆಯದೆ 'ಕುಡಿ' ಎಂದು ಏಕವಚನದಲ್ಲಿ ಬರೆದಿದ್ದ. ಕಾರ್ಡಿನಲ್ಲಿ ಜಾಗ ಸಾಲದೆ ಹಾಗೆ ಮಾಡಿರಬೇಕೆಂದು ಕ್ಷಮಿಸಿದೆ. ನೋಟುಪುಸ್ತಕದಲ್ಲಿ 'ಆಲದ ಮರದ ಬಾವಿ: ನೀರು ಕುಡಿಯುವುದು, ಹತ್ತು ನಿಮಿಷ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ನಾಗರತ್ನ "ಏನಂತೆ ದಾರಿ? ಕೊಡಿ ನೋಡೋಣ" ಅಂದಾಗ, "ದಾರಿ ಚಿಂತೆ ನಿನಗ್ಯಾಕೆ, ನೀನು ಬುತ್ತಿ ನೋಡಿಕೋ" ಎಂದು ಕಾರ್ಡನ್ನು ಜೇಬಿಗೆ ಇಳಿಸಿದೆ. ಅಧಿಕಾರ ಬಂದ ಗಂಡಸು ಮೊದಲು ಮಾಡುವ ಕೆಲಸ ಇದೇ ಇರಬೇಕು.

ಮಂಗಳವಾರ ಬೆಳಿಗ್ಗೆ ಹೊರಟೆವು. ದಸ್ತಗೀರ್ ಸಾಬರು ನನ್ನ ನೋಟುಪುಸ್ತಕವನ್ನು ಒಂದು ಸಲ ನೋಡಿ, "ಮೇಷ್ಟ್ರೇ, ನೀವೇನೋ ಬರ್ದಿದ್ದೀರ, ಸರಿ. ನಮ್ ಗಾಡಿಗೆ ಓದಾಕೆ ಬರಾಕಿಲ್ವಲ್ಲ" ಅಂದರು. ಆದರೆ ಗಾಡಿ ಅಂದು ಓದು ಬಲ್ಲದ್ದರ ಹಾಗೆಯೇ ನಡೆದುಕೊಂಡಿತು. ಮಧುಗಿರಿಯ ಬೆಟ್ಟ ನಾನು ಬರೆದ ಹೊತ್ತಿಗೆ ಸರಿಯಾಗಿ ಎದುರಿಗೆ ಬಂದು ನಿಂತಿತು. ಹುಣಿಸೆ ಮರದ ಸಾಲು ಬರೆದ ಕಡೆ ಹುಣಿಸೆ ಮರದ ಸಾಲೇ ಇತ್ತು. ಶಿರಾದಲ್ಲಿ ತೊಟ್ಟಿಲು ಸಿದ್ಧವಾಗಿತ್ತು. ನಾಲ್ಕು ಮೂಲೆಗೂ ಗಿಳಿ, ನಡುವೆ ತಾವರೆ. ಸಾಬರ ಅಣ್ಣ ಅದನ್ನು ಮೆಲ್ಲಗೆ ತೂಗಿ, "ಅಮ್ಮಾ, ಇದ್ರಾಗೆ ಮಲಗಿದ ಮಗು ದುವಾ ಮಾಡ್ತದೆ ನಿಮಗೆ" ಅಂದರು. ನಾಗರತ್ನ ಗಿಳಿಯ ಕೊಕ್ಕನ್ನು ಸವರುತ್ತ ಬಹಳ ಹೊತ್ತು ನಿಂತಿದ್ದಳು.

ಬುಧವಾರ ಆರಕ್ಕೇ ತೊಟ್ಟಿಲನ್ನು ಮೋಟಾರಿನ ನೆತ್ತಿಗೆ ಬಿಗಿದು ಹೊರಟೆವು. ಪಾವಗಡ ದಾಟಿ ಆರನೆಯ ಮೈಲಿಗೆ ಆಲದ ಮರ ಬಂತು, ಅದರ ಪಕ್ಕದಲ್ಲಿ ಬಾವಿ. ನನ್ನ ಎದೆ ಉಬ್ಬಿತು. "ನಿಲ್ಲಿಸಿ" ಅಂದೆ.

"ಯಾಕೆ ನಿಲ್ಸಿದ್ರಿ?" ಅಂದಳು ನಾಗರತ್ನ.

"ಇಲ್ಲಿ ನೀರು ಕುಡಿಯಬೇಕು. ನಿನ್ನ ತಮ್ಮನೇ ಬರೆದಿದ್ದಾನೆ."

"ನಮ್ ತಮ್ಮಂಗೆ ಯಾವಾಗಿಂದ ಇಷ್ಟೊಂದು ಉಪಚಾರ ಬಂತು?"

ಸಾಬರು ತಮ್ಮ ಡಬ್ಬಕ್ಕೆ ಹಗ್ಗ ಕಟ್ಟಿ ನೀರು ಸೇದಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. ನೀರು ಉಪ್ಪೆಂದರೆ ಉಪ್ಪು. ಆದರೆ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಬಿಡಲಾಗುತ್ತದೆಯೇ? ಬಹುಶಃ ಈ ನೀರಿಗೆ ಏನೋ ಔಷಧಿಯ ಗುಣ ಇರಬೇಕು, ಅದಕ್ಕೇ ಹೇಳಿದ್ದಾನೆ ಎಂದು ಎಲ್ಲರಿಗೂ ಒಂದೊಂದು ಚೆಂಬು ಕುಡಿಸಿ ನಾನೂ ಕುಡಿದೆ. ಬಾವಿಯ ಹತ್ತಿರ ಒಂದು ದಾರಿ ಬಲಕ್ಕೆ ಕವಲೊಡೆದಿತ್ತು. ಸಾಬರು ಅತ್ತ ನೋಡಿದರು. "ಅತ್ತ ಬೇಡ, ನೆಟ್ಟಗೆ" ಅಂದೆ. ಕಾರ್ಡಿನಲ್ಲಿ ಹಾಗೇ ಇತ್ತಲ್ಲ.

ನೆಟ್ಟಗೆ ಹೋದೆವು. ಹಳ್ಳಿ ಬರಲಿಲ್ಲ. ಇನ್ನೂ ನೆಟ್ಟಗೆ ಹೋದೆವು. ಬರಬರುತ್ತ ಮೈಲಿಗಲ್ಲಿನ ಅಕ್ಷರ ದುಂಡಗಾಗಿ, ತಲೆಕಟ್ಟು ಬದಲಾಗಿ, ತೆಲುಗಾಗಿಬಿಟ್ಟಿತು. ನಾವು ಆಂಧ್ರದಲ್ಲಿದ್ದೆವು! ನನ್ನ ನೋಟುಪುಸ್ತಕದಲ್ಲಿ ಆಂಧ್ರವೇ ಇರಲಿಲ್ಲ. ಗಡಿಯಾರ ನೋಡಿದೆ, ಹತ್ತೂಮುಕ್ಕಾಲು. ಹಿಂದಿನ ಸೀಟಿನಲ್ಲಿ ನಾಗರತ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅವಳು ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಎದುರಿಗೆ ಒಬ್ಬ ಮುದುಕ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ನಾಗರತ್ನ ತಲೆ ಹೊರಗೆ ಹಾಕಿ ತನ್ನ ತವರಿನ ತೆಲುಗಿನಲ್ಲಿ ಊರಿನ ಹೆಸರು ಹೇಳಿ ದಾರಿ ಕೇಳಿದಳು. ಅವನು ನಮ್ಮ ಹಿಂದಕ್ಕೆ ಕೈ ತೋರಿಸಿ, "ಎನಕ್ಕಿ ಪೋಂಡಮ್ಮಾ. ಬಾವಿ ದಗ್ಗರ ಕುಡಿ" ಅಂದ.

ನನಗೆ ಅರ್ಥವಾದದ್ದು ಎರಡೇ ಮಾತು, ಬಾವಿ ಮತ್ತು ಕುಡಿ. ನನ್ನ ತಾಳ್ಮೆ ಮುಗಿದಿತ್ತು. "ಕುಡಿದಿದ್ದೀವಿ ಕಣಯ್ಯಾ! ಎಲ್ಲರೂ ಒಂದೊಂದು ಚೆಂಬು ಕುಡಿದೇ ಬಂದಿದ್ದೀವಿ!" ಎಂದು ಕೂಗಿದೆ.

ಮುದುಕ ಕಕ್ಕಾಬಿಕ್ಕಿಯಾದ. ನಾಗರತ್ನ ಮಾತ್ರ ನನ್ನನ್ನೇ ನೆಟ್ಟ ನೋಟದಿಂದ ನೋಡಿದಳು. "ಆ ಕಾರ್ಡು ಕೊಡಿ ಇಲ್ಲಿ" ಅಂದಳು. ಕೊಟ್ಟೆ. ಅಂಚಿನ ಸಾಲನ್ನು ಓದಿದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೇನೋ ಎಂದು ಗಾಬರಿಯಾದೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಅಯ್ಯೋ, ಕುಡಿ ಅಂದ್ರೆ ತೆಲುಗಲ್ಲಿ ಬಲಗಡೆ ಕಣ್ರೀ! ಬಾವಿ ಹತ್ರ ಬಲಕ್ಕೆ ತಿರುಗಿ ಅಂತ ಬರ್ದವ್ನೆ. ನೀವು ಉಪ್ಪುನೀರು ಕುಡಿಸ್ಬುಟ್ರಿ!"

ಸಾಬರು ಸ್ಟೀರಿಂಗಿನ ಮೇಲೆ ತಲೆ ಇಟ್ಟು ನಕ್ಕರು. ಮುದುಕನಿಗೂ ವಿಷಯ ತಿಳಿದು ಅವನೂ ಶುರುಮಾಡಿದ. ಎರಡು ರಾಜ್ಯದವರು ಸೇರಿ ನನ್ನನ್ನು ನೋಡಿ ನಕ್ಕ ಸಂದರ್ಭ ಅದೊಂದೇ.

ಆಮೇಲೆ ಈ 'ಕುಡಿ'ಯ ಬಗ್ಗೆ ಬಹಳ ಯೋಚಿಸಿದ್ದೇನೆ. ಕನ್ನಡದಲ್ಲೇ ಅದಕ್ಕೆ ಎಷ್ಟೊಂದು ಅರ್ಥ. ಬಳ್ಳಿಯ ತುದಿ ಕುಡಿ, ದೀಪದ ಉರಿ ಕುಡಿ, ಮನೆಯಲ್ಲಿ ಹುಟ್ಟಿದ ಮಗು ವಂಶದ ಕುಡಿ, ಓರೆಗಣ್ಣಿನ ನೋಟ ಕುಡಿನೋಟ. ಇಷ್ಟೆಲ್ಲ ಬಿಟ್ಟು ನಾನು ಆರಿಸಿಕೊಂಡದ್ದು ನೀರಿನದೊಂದನ್ನೇ. ಆ ಏಕವಚನ ನನಗೆ ಎಚ್ಚರಿಕೆ ಕೊಟ್ಟಿತ್ತು. ವ್ಯಾಕರಣ ಬಲ್ಲ ಮೇಷ್ಟ್ರು ಅದನ್ನು ಜಾಗದ ಅಭಾವಕ್ಕೆ ಜಮಾ ಮಾಡಿದ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಮದುವೆಯಾದ ಹೊಸದರಲ್ಲಿ ನಾಗರತ್ನನ ಬಾಯಲ್ಲಿ ಆಗಾಗ ತೆಲುಗು ಮಾತು ಬರುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು. ಕೆಲವು ತಿಂಗಳಲ್ಲಿ ಅದು ನಿಂತುಹೋಯಿತು. ನಿಂತದ್ದನ್ನು ನಾನು ಗಮನಿಸಲೇ ಇಲ್ಲ. ಹದಿಮೂರು ವರ್ಷ ಜೊತೆಯಲ್ಲಿ ಬಾಳಿದವಳ ಮಾತಿನಲ್ಲಿ ಬಲಗಡೆಗೆ ಏನನ್ನುತ್ತಾರೆ ಎಂಬುದೂ ನನಗೆ ತಿಳಿದಿರಲಿಲ್ಲ.

ಮುಂದಿನದು ನಾಗರತ್ನನ ದಂಡಯಾತ್ರೆ. "ಸಾಬರೇ, ತಿರುಗಿಸಿ ಗಾಡಿ" ಅಂದಳು. ಸಾಬರು ತಿರುಗಿಸಿದರು. ಹಳೆಯ ಮೋಟಾರು ಹಿಂದೆಂದೂ ಓಡದ ಹಾಗೆ ಓಡಿತು. ಬಾವಿ ಬಂತು. "ಕುಡಿ!" ಎಂದು ಅವಳು ಹಿಂದಿನಿಂದ ಕೂಗಿದಳು, ಗಾಡಿ ಬಲಕ್ಕೆ ಹೊರಳಿತು. ಜಾಲಿ ಮರಗಳ ನಡುವೆ, ಕೆರೆಯ ಏರಿಯ ಮೇಲೆ, ಧೂಳೆಬ್ಬಿಸುತ್ತ ನುಗ್ಗಿದೆವು. ಊರು ಕಾಣಿಸಿದ ಕೂಡಲೆ ಸಾಬರು ಹಾರನ್ನಿನ ಮೇಲಿಟ್ಟ ಕೈಯನ್ನು ಚಪ್ಪರದ ಮುಂದೆ ನಿಲ್ಲಿಸುವವರೆಗೂ ತೆಗೆಯಲಿಲ್ಲ. ನೆತ್ತಿಯ ಮೇಲೆ ತೊಟ್ಟಿಲು ಹೊತ್ತು ಬಂದ ಮೋಟಾರನ್ನು ನೋಡಲು ಊರೇ ನೆರೆಯಿತು. ಗಂಟೆ ಹನ್ನೊಂದೂವರೆ ದಾಟಿತ್ತು. ಒಳಗೆ ಸುಬ್ಬಕ್ಕ ಮಗುವನ್ನು ಆಗಲೇ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಅಕ್ಕಾ ವಚ್ಚಿಂದಿ!" ಎಂದು ಆದಿನಾರಾಯಣ ಕಿರುಚಿದ. ಅಕ್ಕ ಬಂದಳು ಎಂದು ಅರ್ಥ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸುಬ್ಬಕ್ಕ ಒಂದು ನಿಮಿಷ ಮುಖ ಊದಿಸಿ, ಆಮೇಲೆ ತಾನೇ ಎದ್ದು ಮಗುವನ್ನು ನಾಗರತ್ನನ ಮಡಿಲಿಗೆ ಹಾಕಿದಳು.

ತೊಟ್ಟಿಲು ಕಟ್ಟಿದರು. ನಾಗರತ್ನ ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟಳು. ಹೆಸರೊಂದನ್ನೇ ಹೇಳುತ್ತಾಳೆಂದುಕೊಂಡಿದ್ದೆ. ಆದರೆ ಅವಳು ಬಹಳ ಹೊತ್ತು ಏನೇನೋ ಹೇಳಿದಳು, ಎಲ್ಲ ತೆಲುಗಿನಲ್ಲಿ, ತಡೆಯಿಲ್ಲದೆ, ಮುದ್ದು ಮುದ್ದಾಗಿ, ನಡುನಡುವೆ ನಗುತ್ತ. ನಮ್ಮ ಮನೆಯಲ್ಲಿ ನಾನು ಆ ದನಿಯನ್ನು ಕೇಳಿಯೇ ಇರಲಿಲ್ಲ. ಮಗು ಅಳು ನಿಲ್ಲಿಸಿ ಕಣ್ಣರಳಿಸಿತು. ತಲೆಯೆತ್ತಿ ನಾಗರತ್ನ "ಅಲಿವೇಲು" ಅಂದಳು. ನೆರೆದವರೆಲ್ಲ "ಅಲಿವೇಲು, ಅಲಿವೇಲು" ಅಂದರು. ನಾನೂ ಅಂದೆ, ಎಲ್ಲರಿಗಿಂತ ಗಟ್ಟಿಯಾಗಿ. ಜನರ ತಲೆಗಳ ಮೇಲಿನಿಂದ ಅವಳು ನನ್ನತ್ತ ನೋಡಿದ ನೋಟದಲ್ಲಿ ಗೆದ್ದ ಹೆಮ್ಮೆ ಇತ್ತು. ನನಗೂ ನಾನೇ ಗೆದ್ದಷ್ಟು ಹಿಗ್ಗಾಯಿತು.

ಊಟವಾದ ಮೇಲೆ ಚಪ್ಪರದ ಕೆಳಗೆ ಅವಳ ಪಕ್ಕದಲ್ಲಿ ಕೂತು, "ಹೋಗಲಿ, ಎಡಗಡೆಗೆ ನಿಮ್ಮ ತೆಲುಗಿನಲ್ಲಿ ಏನನ್ನುತ್ತಾರೆ, ಅದನ್ನಾದರೂ ಹೇಳು" ಅಂದೆ.

"ಎಡಮ" ಅಂದಳು.

ಸಮಾಧಾನವಾಯಿತು. ಹಾಗಾದರೆ ಇಷ್ಟು ವರ್ಷವೂ ಎಡಕ್ಕೆ ತಿರುಗುವಾಗಲೆಲ್ಲ ನಾವಿಬ್ಬರೂ ಒಟ್ಟಿಗೇ ತಿರುಗುತ್ತಿದ್ದೆವು. ಇನ್ನು ಮೇಲೆ ಬಲಕ್ಕೂ ತಿರುಗಬಹುದು.