ಸು-ಚಿನ್ ಕಟ್ಟಿದ ಯಂತ್ರ

ತೈಪೆಯ ಕಂಪ್ಯೂಟರ್ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಸು-ಚಿನ್‌ಗೆ ಐವತ್ಮೂರು ವರ್ಷ. ಅದರಲ್ಲಿ ಮೂವತ್ತು ಅನುಮಾನದಲ್ಲೇ ಕಳೆದದ್ದು. "ನಾನೇನೂ ಮಾಡಿಲ್ಲ, ತಾನಾಗೇ ಕೆಟ್ಟೋಯ್ತು" ಅನ್ನುವ ಗಿರಾಕಿಯ ಮುಖವನ್ನು ಮೊದಲು ನೋಡುತ್ತಾಳೆ, ಯಂತ್ರವನ್ನು ಆಮೇಲೆ. ಕೈಗೆ ಬಂದ ಪ್ರತಿ ಮೆಮೊರಿ ಪಟ್ಟಿಯ, ಅಂದರೆ ಯಂತ್ರದೊಳಗೆ ಕೂರಿಸುವ ರ‍್ಯಾಮ್ ತುಂಡಿನ, ನಂಬರನ್ನೂ ಪುಸ್ತಕದಲ್ಲಿ ಬರೆದಿಡುತ್ತಾಳೆ. ಅವಳು ಕಟ್ಟಿದ ಯಂತ್ರ ವಾಪಸ್ ಬರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರೇ ಅವಳ ಆಸ್ತಿ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅಂಥದೊಂದು ಯಂತ್ರ ವಾಪಸ್ ಬಂತು.

ಬಿಸಿಲಲ್ಲಿ ಸ್ಕೂಟರ್ ಮೇಲೆ ಹೊತ್ತು ತಂದವಳು ಕಾಲೇಜು ಹುಡುಗಿ ಪೇ-ಶಾನ್. "ಆಂಟಿ, ನಿನ್ನೆ ತಗೊಂಡು ಹೋದಾಗಿಂದ ಆನ್ ಆಗ್ತಾನೇ ಇಲ್ಲ. ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು."

ಸು-ಚಿನ್ ಗುಂಡಿ ಒತ್ತಿದಳು. ಮೆಮೊರಿಯ ಪಕ್ಕದ ಕೆಂಪು ದೀಪ ಹತ್ತಿಕೊಂಡೇ ಇತ್ತು. ತೊಂದರೆ ಮೆಮೊರಿಯದ್ದು.

ಯಂತ್ರದ ಡಬ್ಬದ ಮೇಲೆ ಸು-ಚಿನ್ ತಾನೇ ಇಟ್ಟು ಕಳಿಸಿದ್ದ ಹಸಿರು ಕುರುಕಲು ಪೊಟ್ಟಣವಿತ್ತು. ಯಂತ್ರ ತಂಟೆ ಮಾಡದೆ ಹೇಳಿದ ಮಾತು ಕೇಳಲಿ ಎಂದು ಇಲ್ಲಿ ಎಲ್ಲರೂ ಇಡುತ್ತಾರೆ. ಬಣ್ಣ ಹಸಿರೇ ಇರಬೇಕು, ತಾರೀಖು ಮೀರಿರಬಾರದು. ತಿರುಗಿಸಿ ನೋಡಿದಳು. ಇನ್ನೂ ನಾಲ್ಕು ತಿಂಗಳಿತ್ತು. ಹಾಗಾದರೆ ಯಂತ್ರದ ತಪ್ಪಲ್ಲ, ಇದು ಮನುಷ್ಯರ ಕೈವಾಡ. ನಿನ್ನೆ ಅವಳು ಊಟಕ್ಕೆ ಹೋದಾಗ ಅಂಗಡಿ ನೋಡಿಕೊಂಡವನು ಪಕ್ಕದ ಕೇಬಲ್ ಅಂಗಡಿಯ ಯೋಂಗ್-ಫಾ.

"ಏನಯ್ಯಾ, ಒಳ್ಳೆ ಪಟ್ಟಿ ಎಗರಿಸಿ ಕಳಪೆದು ತುರುಕಿದ್ಯಾ?" ಇಡೀ ಸಾಲಿಗೆ ಕೇಳುವಂತೆ ಕೇಳಿದಳು.

ಯೋಂಗ್-ಫಾ ನೂಡಲ್ಸ್ ಬಟ್ಟಲು ಕೆಳಗಿಟ್ಟ. "ನಂಬರ್ ಬರ್ಕೊಂಡಿರ್ತೀಯಲ್ಲ ತಾಯಿ, ನೋಡ್ಕೋ."

ಒಳಗಿದ್ದ ಎರಡೂ ಪಟ್ಟಿಗಳ ನಂಬರ್ ಪುಸ್ತಕದ ನಂಬರಿಗೆ ಹೊಂದಿದವು. ಅಷ್ಟಕ್ಕೇ ಸುಮ್ಮನಾಗುವ ಹೆಂಗಸೇ? ಲೇಬಲ್ ಕಿತ್ತು ಅಂಟಿಸಿರಬಹುದೆಂದು ಉಗುರಿನಿಂದ ಅಂಚು ಕೆರೆದಳು. ಅದು ಜಪ್ಪಯ್ಯ ಅನ್ನಲಿಲ್ಲ.

ಕೊನೆಗೆ ಒಳಗಿನ ಗುಂಡು ಬ್ಯಾಟರಿ ತೆಗೆದು, ಸ್ವಲ್ಪ ಕಾದು, ಮತ್ತೆ ಹಾಕಿದಳು. ತುಂಬಿಸಿದ್ದ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ, ಮೆಮೊರಿ ತನ್ನ ಮಾಮೂಲಿ ವೇಗಕ್ಕೆ ಇಳಿಯಿತು. ಪರದೆ ಬೆಳಗಿತು.

ಅಂದರೆ ಪಟ್ಟಿ ಸರಿಯಿದೆ, ಕೆಟ್ಟದ್ದು ಸೆಟ್ಟಿಂಗ್. ಗೇಮ್ ಇನ್ನೂ ಜೋರಾಗಿ ಓಡಲಿ ಎಂದು ಹುಡುಗಿ ಕೇಳಿದ್ದಕ್ಕೆ, ಪಟ್ಟಿಯ ಮೇಲೆ ಬರೆದಿದ್ದಕ್ಕಿಂತ ವೇಗ ಏರಿಸಿದ್ದು ಸು-ಚಿನ್ ತಾನೇ. ಏಸಿ ಗಾಳಿಯ ಕೆಳಗೆ ಮೂರು ಗಂಟೆ ಪರೀಕ್ಷೆ ಮಾಡಿ ಬೀಗಿದ್ದಳು ಕೂಡ.

"ನಿನ್ನ ರೂಮ್ ಎಲ್ಲಮ್ಮಾ?"

"ತಾರಸಿ ಮೇಲೆ, ತಗಡಿನ ರೂಮು. ಏಸಿ ಇಲ್ಲ ಆಂಟಿ, ಒಳಗೆ ಬೆಂದುಹೋಗ್ತೀನಿ."

ಏರಿಸಿದ ವೇಗ ಅಂಗಡಿಯ ತಂಪಿನಲ್ಲಿ ತಡೆದಿತ್ತು, ಆ ಸೆಕೆಯಲ್ಲಿ ತಡೆಯಲಿಲ್ಲ. ಸು-ಚಿನ್‌ಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಗಿರಾಕಿಯ ಮುಖ ನೋಡಿದವಳು ಗಿರಾಕಿಯ ಮನೆ ಕೇಳಿರಲಿಲ್ಲ. ಕೇಬಲ್ ಅಂಗಡಿಗೆ ಹೋಗಿ ಬಗ್ಗಿ ಮೆಲ್ಲಗೆ ಅಂದಳು, "ನಂದೇ ತಪ್ಪು ಮಾರಾಯ."

"ಕಳ್ಳ ಅಂದಿದ್ದು ಊರಿಗೆಲ್ಲ ಕೇಳೋ ಹಾಗೆ. ಈಗ್ಯಾಕೆ ಪಿಸುಪಿಸು?" ಯೋಂಗ್-ಫಾ ನಗಲಿಲ್ಲ.

ಸು-ಚಿನ್ ಓಣಿಯ ನಡುವೆ ಬಂದು ನಿಂತಳು. ಅಕ್ಕಪಕ್ಕದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. "ಯೋಂಗ್-ಫಾ ಏನೂ ಕದ್ದಿಲ್ಲ. ಮೆಷಿನ್ ಕೆಡಿಸಿದ್ದು ನಾನು."

"ಕೊನೆ ಅಂಗಡಿಯವರಿಗೆ ಕೇಳಿಸ್ಲಿಲ್ಲ" ಅಂದ ಯೋಂಗ್-ಫಾ.

ಅವಳು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದಳು.